ಪಕ್ಕದ ಮನೆಯ ತಾತನ ಬಲಗೈ

ನಮ್ಮ ಪಕ್ಕದ ಮನೆಯ ತಾತನಿಗೆ ಎರಡು ಕೈಗಳಿವೆ ಎಂದರೆ ನೀವು ನಗುತ್ತೀರಿ. ಯಾರಿಗಿಲ್ಲ ಹೇಳಿ! ಆದರೆ ಸ್ವಾಮಿ, ನಿಮ್ಮ ಎರಡೂ ಕೈ ದುಡಿಯುತ್ತವೆ. ತಾತನಲ್ಲಿ ದುಡಿಯುವುದು ಎಡಗೈ ಒಂದೇ. ಕಸದ ಡಬ್ಬಿ ಎಳೆಯುವುದು, ಗ್ರೋಸರಿ ಹೊರುವುದು, ಗುಲಾಬಿಗೆ ನೀರು ಹಾಕುವುದು ಎಲ್ಲ ಅದರದೇ ಪಾಡು. ಬಲಗೈ ಮಾತ್ರ ಅಮೆರಿಕದ ಈ ಯೂನಿಯನ್ ಸಿಟಿಯ ಸುಡುಬಿಸಿಲಲ್ಲೂ ಉಣ್ಣೆಯ ಕಾಲುಚೀಲ ತೊಟ್ಟು ಕೋಟಿನ ಜೇಬಿನಲ್ಲಿ ಹಾಯಾಗಿರುತ್ತದೆ. ವಯಸ್ಸು ತೊಂಬತ್ತು ದಾಟಿದೆ, ತಾತನಿಗೂ ಕೈಗೂ!

ತಾತ ನಮ್ಮವರಲ್ಲ, ಅಪ್ಪಟ ಅಮೆರಿಕದವರು. ನಾವು ಈ ಮನೆಗೆ ಬಂದ ವಾರ ನನ್ನ ಅಮ್ಮ ದೇವರಿಗೆ ನೈವೇದ್ಯ ಮಾಡಿದ ಹೋಳಿಗೆಯನ್ನು ಅವರಿಗೆ ಕೊಡಲು ಹೋದಳು. ತಾತ ನಗುನಗುತ್ತಾ ಎಡಗೈ ಚಾಚಿದರು. ಅಮ್ಮ ಹುಬ್ಬಳ್ಳಿಯವಳು. ಮನೆಗೆ ಬಂದು ರುದ್ರತಾಂಡವ!

"ಪ್ರಸಾದ ಎಡಗೈಲೆ ತೊಗೊಂಡ ನೋಡು! ಇನ್ನ ಅವನ ಹೊಸ್ತಿಲಾ ತುಳಿಯಂಗಿಲ್ಲ ನಾ!"

ನಾನು ಮಹಾ ಬುದ್ಧಿವಂತೆಯಲ್ಲವೇ? "ಪಾಪ ಅಮ್ಮ, ಆ ಕೈಗೆ ಲಕ್ವ ಹೊಡೆದಿರಬೇಕು" ಎಂದುಬಿಟ್ಟೆ. ಅಮ್ಮನ ಕರುಳು ಚುರ್ ಎಂದಿತು. ಮರುದಿನ ಎಳ್ಳೆಣ್ಣೆ ಬಿಸಿ ಮಾಡಿಕೊಂಡು, ಇಂಗ್ಲಿಷಿಗೆಂದು ನನ್ನನ್ನೂ ಎಳೆದುಕೊಂಡು, ಕೈ ತಿಕ್ಕಲು ಹೊರಟೇಬಿಟ್ಟಳು. ಬಟ್ಟಲು ನೋಡಿದ ತಾತ ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

"ಎಣ್ಣೆಯಾ? ಈ ಕೈಗೆ ಎಣ್ಣೆ ಸೋಕಿಸಬೇಡಿ!"

ಆಗ ಹೊರಬಿತ್ತು ಪುರಾಣ. ತಾತ ಎಪ್ಪತ್ತು ವರ್ಷದ ಹಿಂದೆ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡೆಸೆಯುವವರು. ನಾಲ್ಕು ವರ್ಷ ಸಣ್ಣಪುಟ್ಟ ಊರುಗಳ ತಂಡಗಳಲ್ಲಿ ಆಡಿ, ಬಸ್ಸಿನಲ್ಲೇ ನಿದ್ದೆ ಮಾಡಿದ ಮೇಲೆ ಕೊನೆಗೆ ದೊಡ್ಡ ಲೀಗಿನಿಂದ ಕರೆ ಬಂತು. ಮೊದಲ ಮ್ಯಾಚಿನಲ್ಲೇ ಸಾಲಾಗಿ ಐವರನ್ನು ಔಟ್ ಮಾಡಿದರು! ಆರನೆಯವನು ಬರುವಷ್ಟರಲ್ಲಿ ಎದುರು ತಂಡದ ಕೋಚ್ ಕೂಗುತ್ತಾ ಓಡಿಬಂದ: ಚೆಂಡು ಅಡ್ಡಾದಿಡ್ಡಿ ತಿರುಗಲೆಂದು ಎಣ್ಣೆ ಸವರಿದ್ದಾನೆ, ಮೋಸ! ಅಂಪೈರ್ ಜನರೆದುರು ತಾತನ ಬಲಗೈ ಹಿಡಿದೆತ್ತಿ, ಮೂಸಿ, ಆಚೆ ನಡಿ ಎಂದ. ಮತ್ತೆ ಕರೆ ಬರಲೇ ಇಲ್ಲ. ಉಳಿದ ಆಯುಷ್ಯ ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರ್ ಇಳಿಸುತ್ತಾ ಕಳೆಯಿತು.

"ಅದು ಬೆವರು, ಬರೀ ಬೆವರು. ನಂಬ್ತೀಯಾ?" ಎಂದರು.

"ಶೂರ್, ಶೂರ್" ಎಂದೆ.

"ಎರಡು ಸಲ ಶೂರ್ ಅಂದವರು ಯಾರೂ ನಂಬಿಲ್ಲ" ಎಂದರು ತಾತ. ಪೋಸ್ಟ್‌ಮ್ಯಾನಿನಿಂದ ಹಲ್ಲಿನ ಡಾಕ್ಟರ್‌ವರೆಗೆ ಎಲ್ಲರನ್ನೂ ಕೇಳಿ ನೋಡಿದ್ದರಂತೆ.

"ಮತ್ತೆ ಈ ಕಾಲುಚೀಲ ಯಾಕೆ?"

"ರಿಟೈರಾದ ದಿನದಿಂದ ತೊಟ್ಟಿದ್ದೇನೆ. ಯಾರಾದರೂ ಇನ್ನೊಂದು ಸಲ ಪರೀಕ್ಷೆ ಮಾಡಲು ಬಂದರೆ? ಕೈ ಚೊಕ್ಕವಾಗಿರಬೇಡವೇ?"

ನಂಬುಗೆಯ ಮಾತು ಹಾಗಿರಲಿ, ಜಂಬಕ್ಕೇನು ಕಡಿಮೆ? ಪ್ಲೆಸೆಂಟನ್ನಿನ ನನ್ನ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೊಚ್ಚಿಕೊಂಡೆ, ನಮ್ಮ ಪಕ್ಕದ ಮನೆಯವರು ದೊಡ್ಡ ಲೀಗ್ ಪಿಚರ್ ಎಂದು. ಒಬ್ಬ ಮೈಸೂರಿನ ಮಹಾಶಯ ಕೇಳಿದ, "ಎಷ್ಟು ಮ್ಯಾಚು ಆಡಿದಾರೆ ಮೇಡಂ?"

"ಒಂದು."

"ಒಂದೇನಾ?"

"ನೀನೆಷ್ಟು ಆಡಿದೀಯಪ್ಪಾ?" ಎಂದೆ. ಮೀಟಿಂಗು ಅಲ್ಲಿಗೆ ಮುಗಿಯಿತು.

ಈ ಸಲ ಆಯುಧಪೂಜೆಗೆ ಗರಾಜಿನಲ್ಲಿ ಎಲ್ಲವನ್ನೂ ಜೋಡಿಸಿದ್ದೆವು: ಎರಡು ಕಾರು, ಮೂರು ಲ್ಯಾಪ್‌ಟಾಪು, ನನ್ನವರ ಡ್ರಿಲ್ಲು, ಅಮ್ಮ ಹುಬ್ಬಳ್ಳಿಯಿಂದ ಹೊತ್ತು ತಂದ ಈಳಿಗೆಮಣೆ. ಇದೇನೆಂದು ತಾತ ಕೇಳಿದರು. ಅವರವರ ಕಸುಬಿನ ಸಾಮಾನಿಗೆ ಪೂಜೆ ಎಂದೆ. ತಾತ ಮನೆಗೆ ಹೋಗಿ ಕರವಸ್ತ್ರದ ಗಂಟು ತಂದರು. ಅದರೊಳಗೆ ಹಳದಿಗಟ್ಟಿದ ಚೆಂಡು! ಅಂದು ಆಚೆ ಹೋಗುವಾಗ ಹಟಕ್ಕೆ ಜೇಬಿಗೆ ಇಳಿಸಿಕೊಂಡಿದ್ದರಂತೆ.

ಅಮ್ಮ ಕುಂಕುಮ ಹಚ್ಚಲು ಬಾಗಿದ್ದೇ ತಡ, ತಾತ ಚೆಂಡು ಕಸಿದುಕೊಂಡರು.

"ಬೇಡ! ಚೆಂಡಿಗೆ ಏನೂ ಸವರಬಾರದು! ರೂಲ್ಸ್!"

ನಾವೆಲ್ಲ ಗೊಳ್ಳೆಂದು ನಕ್ಕೆವು. ನನ್ನ ಮಗಳು ಮಾತ್ರ, "ಮಾಮ್, ಸ್ಟಾಪ್. ಹೀ ಈಸ್ ಕ್ರೈಯಿಂಗ್" ಎಂದಳು. ನನಗೆ ನಾಚಿಕೆಯಾಯಿತು.

ಅಮ್ಮ ನಕ್ಕಿರಲಿಲ್ಲ. "ಖರೇ ಅದ. ಚೆಂಡಿಗೆ ಹಚ್ಚೂದು ಬ್ಯಾಡ. ಅವರ ಆಯುಧ ಚೆಂಡಲ್ಲ, ಕೈ. ಕೈ ಕೊಡ್ರಿ ಅಂತ ಹೇಳು."

ಹೇಳಿದೆ. ತಾತ ನಿಧಾನಕ್ಕೆ ಕಾಲುಚೀಲ ಕಳಚಿದರು. ಬಿಳಚಿದ ಕೈ, ಸೊಟ್ಟಗಾದ ಬೆರಳುಗಳು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಅಂಗೈ ನೋಡಿದಳು, ಬೆರಳ ಸಂದಿ ನೋಡಿದಳು.

"ಸ್ವಚ್ಛ ಅದ. ನಾ ನಂಬತೇನಿ, ಹೇಳವರಿಗೆ."

ಒಂದೇ ಸಲ ಹೇಳಿದಳು. ನಾನೂ ಅದನ್ನು ಇಂಗ್ಲಿಷಿಗೆ ಒಂದೇ ಸಲ ದಾಟಿಸಿದೆ. ಇಂಥ ಅಮ್ಮನ ಮಗಳು, ಇಂಥ ತಾತನ ನೆರೆಯವಳು ನಾನು ಎಂದು ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಮ್ಮ ಆ ಕೈಗೆ ಕುಂಕುಮವಿಟ್ಟು, ಅಕ್ಷತೆ ಹಾಕಿ, ಆರತಿ ಬೆಳಗಿದಳು. ಆಮೇಲೆ ತಟ್ಟೆಯಿಂದ ಒಂದು ಹೋಳಿಗೆ ಎತ್ತಿ ಮುಂದೆ ಹಿಡಿದಳು. ತಾತ ಬಲಗೈ ಒಡ್ಡಿದರು.