ಅಬ್ಬಿಯ ಹೂಂ ಮತ್ತು ನನ್ನ ಪಾಡ್‌ಕಾಸ್ಟುಗಳು

ದೇವರು ಮನುಷ್ಯನಿಗೆ ಎರಡು ಕಿವಿ ಏಕೆ ಕೊಟ್ಟ ಎಂಬ ಪ್ರಶ್ನೆಗೆ ನನಗೆ ಉತ್ತರ ಹೊಳೆದದ್ದು ಕುಂದಾಪುರದಿಂದ ಸಾಲಿಗ್ರಾಮಕ್ಕೆ ಹೋಗುವ ಬಸ್ಸಿನಲ್ಲಿ. ಇಯರ್‌ಫೋನಿಗೂ ಎರಡೇ ತುದಿ ಇವೆಯಲ್ಲ!

ಸಾಲಿಗ್ರಾಮದ ಒಂದು ಸಣ್ಣ ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಕೋಡಿಯ ನಮ್ಮ ಮನೆಯಿಂದ ಕುಂದಾಪುರಕ್ಕೆ ಬಂದು ಬಸ್ಸು ಹಿಡಿದರೆ, ಹೆದ್ದಾರಿ ಅಗಲ ಮಾಡುವವರ ಕೃಪೆಯಿಂದ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆಗಷ್ಟೇ ಮೊಬೈಲಿಗೆ ಇಂಟರ್ನೆಟ್ಟು ಅಗ್ಗವಾಗಿತ್ತು. ಆ ಧೂಳಿನಲ್ಲಿ ಕುಳಿತೇ ನಾನು ಪಾಡ್‌ಕಾಸ್ಟ್ ಕೇಳಲು ಕಲಿತೆ. ರೇಡಿಯೋ ಕಾರ್ಯಕ್ರಮದ ಹಾಗೆಯೇ ಅದು. ಆದರೆ ಬೇಕಾದವರದನ್ನು ಬೇಕಾದಾಗ ಕೇಳಬಹುದು. ಸಾಕೆನಿಸಿದರೆ ಮಾತಿನ ನಡುವೆಯೇ ಬಾಯಿ ಮುಚ್ಚಿಸಬಹುದು. ಈ ಸೌಲಭ್ಯ ನಮ್ಮ ಸಂಘದ ಮಹಾಸಭೆಯಲ್ಲೂ ಇಲ್ಲ.

ಕೆಲವೇ ತಿಂಗಳಲ್ಲಿ ನಾನು ಪಂಡಿತನಾದೆ. ಇತಿಹಾಸಕ್ಕೆ ಒಂದು, ಆರೋಗ್ಯಕ್ಕೆ ಒಂದು, ಕಥೆಗೆ ಒಂದು, ಮನಶ್ಶಾಂತಿಗೆ ಒಂದು. ಇವಿಷ್ಟನ್ನು ಪ್ರತಿಯೊಬ್ಬ ನಾಗರಿಕನೂ ನಿಯಮಿತವಾಗಿ ಕೇಳತಕ್ಕದ್ದು ಎಂದು ಸಂಘಕ್ಕೆ ಬಂದ ಸದಸ್ಯರಿಗೆಲ್ಲ ಶಿಫಾರಸು ಮಾಡತೊಡಗಿದೆ. ಸಾಲಕ್ಕೆ ಬಂದವರು ಮಾತ್ರ ಶ್ರದ್ಧೆಯಿಂದ ಕೇಳಿದರು. ಸಂಜೆ ಮನೆಗೆ ಬಂದು, ಆ ದಿನ ಕೇಳಿದ್ದನ್ನೆಲ್ಲ ಹೆಂಡತಿ ಸುಗುಣಳಿಗೆ ವರದಿ ಒಪ್ಪಿಸುತ್ತಿದ್ದೆ. ಬಸ್ರೂರು ಬಂದರಿಗೆ ಹಿಂದಿನ ಕಾಲದಲ್ಲಿ ಎಲ್ಲೆಲ್ಲಿಂದ ಹಡಗು ಬರುತ್ತಿದ್ದವು ಎಂದು ನಾನು ವಿವರಿಸುತ್ತಿದ್ದರೆ ಅವಳು ಮೀನು ಕೊಯ್ಯುತ್ತಾ "ಹೂಂ" ಎನ್ನುತ್ತಿದ್ದಳು. ಅಂಥ ಶ್ರೋತೃ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡಿದ್ದೆ.

ಹೀಗಿರುವಾಗ ಅಬ್ಬಿಗೆ ಕಣ್ಣಿನ ಪೊರೆ ತೆಗೆಸಿದೆವು. ಅಬ್ಬಿ ಅಂದರೆ ನನ್ನ ತಾಯಿ. ಬುಟ್ಟಿ ಹೊತ್ತು ಬಸ್ರೂರಿನ ಮನೆ ಮನೆಗೆ ಮೀನು ಮಾರಿ ನನ್ನನ್ನು ಗುಮಾಸ್ತನನ್ನಾಗಿ ಮಾಡಿದವಳು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಟಿವಿ ಬೇಡ, ಒಲೆಯ ಹೊಗೆ ಬೇಡ, ಬಿಸಿಲು ಬೇಡ ಎಂದರು. ಜೀವನದಲ್ಲಿ ಕುಳಿತೇ ಗೊತ್ತಿಲ್ಲದವಳು ಜಗಲಿಯ ಕುರ್ಚಿಯಲ್ಲಿ ಕುಳಿತು ಗೋಡೆ ನೋಡತೊಡಗಿದಳು. ನೋಡಿದರೆ ಸಂಕಟವಾಗುತ್ತಿತ್ತು.

"ಕಣ್ಣಿಗೆ ರಜೆ ಆದರೆ ಕಿವಿಗೆ ಕೆಲಸ ಕೊಡುವ" ಎಂದು ನಾನು ಘೋಷಿಸಿದೆ. ನನ್ನ ಹಳೆಯ ಮೊಬೈಲು ಮನೆಯಲ್ಲೇ ಬಿದ್ದಿತ್ತು. ಬ್ಯಾಟರಿಗೆ ಸ್ವಲ್ಪ ಮುಪ್ಪು ಬಂದಿತ್ತು, ಅಷ್ಟೇ. ಅದಕ್ಕೆ ಇಯರ್‌ಫೋನ್ ಸಿಕ್ಕಿಸಿ, ಮೊದಲಿಗೆ ಆರೋಗ್ಯದ್ದು ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಅಬ್ಬಿ ಕಿವಿಯಿಂದ ಕಿತ್ತು ತೆಗೆದಳು.

"ಈ ಮನ್ಷ್ಯ ಮೀನ್ ಹುರುದ್ ತಿಂಬುಕಾಗ ಅಂಬ. ಇವ್ನ ಮನಿಯಗೆ ಎಂತ ಅಡ್ಗಿ ಮಾಡ್ತ್ರೋ ಏನೋ" ಎಂದಳು.

ಇತಿಹಾಸ ಹಾಕಿದೆ. ಸತ್ತವರ ಸುದ್ದಿ ಬೇಡ ಎಂದಳು. ಕಥೆ ಹಾಕಿದೆ. ಆಗ ಆಯಿತು ನೋಡಿ ಪವಾಡ! ಅಬ್ಬಿ ತಲೆ ಹಿಂದಕ್ಕೆ ಒರಗಿಸಿ "ಹೂಂ" ಎಂದಳು. ನಮ್ಮ ಕಡೆ ಒಬ್ಬರು ಕಥೆ ಹೇಳಿದರೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು ಎಂದೇ ಲೆಕ್ಕ. ಮೊಬೈಲಿಗೆ ಹೂಂ ಬೇಕಾಗಿಲ್ಲ ಎಂದು ನಾನು ತಿಳಿಸಿದರೆ, "ಹೇಳುವರಿಗೆ ಮರ್ಯಾದಿ ಬೇಡ್ದಾ ಮಗಾ?" ಎಂದು ನನಗೇ ಬೈದಳು.

ಅಂದಿನಿಂದ ಜಗಲಿಯಿಂದ ದಿನವಿಡೀ ಹೂಂ, ಹೂಂ ಎಂಬ ಮಂಗಳಧ್ವನಿ. ಪಕ್ಕದ ಮನೆಯ ಲಚ್ಚಕ್ಕ ಬಂದು, "ನಿಮ್ ಒಣ್ಗಿದ ಮಡಲ್ ಎಲ್ಲ ತಕಂಡ್ ಹೋಪುದಾ?" ಎಂದು ಕೇಳಿದಳಂತೆ. ಅಬ್ಬಿ ಹೂಂ ಎಂದಳಂತೆ. ಸ್ನಾನದ ನೀರು ಕಾಯಿಸಲೆಂದು ಒಟ್ಟಿದ್ದ ತೆಂಗಿನ ಗರಿಯ ಮಡಲು ಒಂದೂ ಉಳಿಯಲಿಲ್ಲ. ಸುಗುಣ ಸಿಟ್ಟಾದಳು. ಅಬ್ಬಿ, "ನಾನ್ ಕಥಿಗೆ ಹೂಂ ಅಂದದ್ದ್. ಲಚ್ಚುವಿಗಲ್ಲ" ಎಂದಳು. ನಾನು ಮಾತ್ರ ನಕ್ಕೆ. ಒಳ್ಳೆಯ ಕಾರ್ಯಕ್ರಮ ಎಂದರೆ ಹಾಗೇ, ಹೊರಗಿನ ಲೋಕ ಕೇಳಿಸಬಾರದು ಎಂದು ಸುಗುಣಳಿಗೆ ತಿಳಿಸಿ ಹೇಳಿದೆ. ಆ ಸಂಜೆ ತಣ್ಣೀರಿನಲ್ಲಿ ಸ್ನಾನ ಮಾಡಿದೆ.

ಆ ಭಾನುವಾರ ಬೆಳಿಗ್ಗೆ ಮಂಜು ಮಾವ ಬಾರದಿದ್ದರೆ ವಿಷಯ ಮಡಲಿಗೇ ಮುಗಿಯುತ್ತಿತ್ತು.

ಮಾವ ಅಬ್ಬಿಯ ಒಬ್ಬನೇ ತಮ್ಮ. ಗಂಗೊಳ್ಳಿಯಲ್ಲಿ ಅವನ ದೋಣಿ. ಹಿಂದೆಲ್ಲ ದೋಣಿ ದಡಕ್ಕೆ ಬಂದರೆ ಮೊದಲ ಬುಟ್ಟಿ ಮೀನು ಅಕ್ಕನಿಗೆ, ಆಮೇಲೆ ಉಳಿದವರಿಗೆ. ಅಕ್ಕನ ಕೈಗುಣ ಒಳ್ಳೆಯದು ಎಂದು ಅವನ ನಂಬಿಕೆ. ಬಹಳ ವರ್ಷಗಳ ಹಿಂದೆ ಒಂದು ದಿನ ಅಬ್ಬಿ ದಡಕ್ಕೆ ಬರುವುದು ತಡವಾಯಿತು. ಲಾರಿಯವರ ಗಡಿಬಿಡಿಯಲ್ಲಿ ಮಾವ ಮೊದಲ ಬುಟ್ಟಿಯನ್ನು ಬೇರೊಬ್ಬಳಿಗೆ ಕೊಟ್ಟುಬಿಟ್ಟ. ಎಲ್ಲರೆದುರು ಅಬ್ಬಿ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದಳು. ಅಂದಿನಿಂದ ತಮ್ಮನ ಜೊತೆ ಮಾತಿಲ್ಲ. ನನ್ನ ಮದುವೆಗೆ ಅವನು ಬಂದು ಮೂಲೆಯಲ್ಲಿ ನಿಂತು ಊಟ ಮಾಡದೆ ಹೋಗಿದ್ದ.

ಅಂಥ ಮಾವ ನಮ್ಮ ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ವೀಳ್ಯದೆಲೆ, ಮದುವೆ ಕಾಗದ. ನಾನು ಜಗಲಿಯಲ್ಲಿ ಪೇಪರು ಹಿಡಿದು ಕುಳಿತಿದ್ದೆ. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಅಬ್ಬಿ. ಬೆಳಿಗ್ಗೆ ನಾನೇ ಕಥೆ ಹಾಕಿ ಎರಡೂ ಕಿವಿಗೆ ಸಿಕ್ಕಿಸಿದ್ದೆ. ವಯರು ಸೆರಗಿನೊಳಗೆ ಹೋಗಿತ್ತು.

ಮಾವ ಕುಳಿತುಕೊಳ್ಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಅಕ್ಕಾ, ಮಗಳ ಮದಿ. ಇಪ್ಪುದ್ ಒಬ್ಳೇ ಮಗಳ್. ಹೂ ಮುಡ್ಸುಕೆ ನೀನೇ ಬರ್ಕ್. ನೀ ಬಪ್ಪುವರಿಗೆ ಅವ್ಳ್ ತಲಿಗೆ ಬೇರೆ ಯಾರ್ದೂ ಕೈ ಮುಟ್ಸುದಿಲ್ಲ. ಬತ್ಯಲ್ದಾ?"

ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ಹೂ ಮುಡಿಸುವುದು ಸೋದರತ್ತೆ. ಅವಳಿದ್ದೂ ಬಾರದೆ ಹೋದರೆ ಅದು ಊರಿಗೆಲ್ಲ ಕಾಣುವ ಅವಮಾನ.

"ಹೂಂ" ಎಂದಳು ಅಬ್ಬಿ.

ಮಾವನ ಮುಖ ಕಿವುಚಿಕೊಂಡಿತು. ಎಲೆ, ಕಾಗದ ಅಬ್ಬಿಯ ಕಾಲಬುಡದಲ್ಲಿಟ್ಟು, ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಹೊರಟೇಹೋದ. ಓಡಿಹೋಗಿ "ಮಾವ, ಆ ಹೂಂ ನಿನಗಲ್ಲ" ಎಂದು ಹೇಳಬೇಕಿತ್ತು. ಅಷ್ಟು ಸಂತೋಷದಿಂದ ಹೋಗುವವನನ್ನು ಹಿಂದಿನಿಂದ ಕರೆಯುವ ಧೈರ್ಯ ನನಗಿರಲಿಲ್ಲ. ಕಾಗದವನ್ನು ಮೆಲ್ಲ ಎತ್ತಿ ಪೇಪರಿನೊಳಗೆ ಸೇರಿಸಿ ಅಡುಗೆಮನೆಗೆ ನುಸುಳಿದೆ.

"ಹ್ವಾಯ್, ಈಗ್ಲೇ ಹೋಯಿ ಅತ್ತೆಗ್ ಹೇಳಿ" ಎಂದಳು ಸುಗುಣ.

"ಹೇಳ್ರೆ ಬತ್ತಿಲ್ಲೆ ಅಂತ್ಲ್. ಆಗ ಮಾವನ ಗತಿ ಎಂತ?"

"ಹೇಳ್ದೇ ಇದ್ರೆ ಆ ಹುಡ್ಗಿ ಗತಿ ಎಂತ? ಬೋಳ್ ತಲಿಯಗೆ ಕೂಕಂಬುದಾ?"

ಪ್ರಶ್ನೆ ಗಂಭೀರವಾದದ್ದು. ಆದರೆ ಪಾಡ್‌ಕಾಸ್ಟ್ ಕೇಳುವವನು ಯಾವ ಸಮಸ್ಯೆಗೂ ನೇರ ದಾರಿ ಹಿಡಿಯುವುದಿಲ್ಲ. ನನ್ನ ಮನಶ್ಶಾಂತಿಯ ಪಾಡ್‌ಕಾಸ್ಟಿನಲ್ಲಿ ಕ್ಷಮೆಯ ಬಗ್ಗೆ ಒಂದು ಉಪನ್ಯಾಸಮಾಲೆಯೇ ಇತ್ತು. ಮರುದಿನದಿಂದ ಕಥೆ ನಿಲ್ಲಿಸಿ ಅಬ್ಬಿಗೆ ಕ್ಷಮೆ ಹಾಕಿದೆ. ಬೆಳಿಗ್ಗೆ ಕ್ಷಮೆ, ಮಧ್ಯಾಹ್ನ ಕ್ಷಮೆ. ನಾನು ಸಂಘದಿಂದ ಫೋನು ಮಾಡಿ ಸುಗುಣಳನ್ನು ವಿಚಾರಿಸುತ್ತಿದ್ದೆ: "ಹೂಂ ಅಂತಿದ್ಲಾ?" ಅನ್ನುತ್ತಿದ್ದಾಳೆ ಎಂದು ಉತ್ತರ ಬರುತ್ತಿತ್ತು. ನನಗೆ ಅರ್ಧ ಗೆದ್ದಷ್ಟು ಸಮಾಧಾನ. ಒಂದು ಸಂಜೆ ಪರೀಕ್ಷಿಸುವ ಎಂದು, "ಅಬ್ಬಿ, ಅವ್ರ್ ಹೇಳುದ್ ಹ್ಯಾಂಗಿತ್ತ್?" ಎಂದು ಕೇಳಿದೆ.

"ಪಾಪ, ಗಂಟ್ಲ್ ಕಟ್ಟಿತ್ ಕಾಣತ್ತ್. ಸಣ್ಣ ಸ್ವರದಗೆ ಮಾತಾಡ್ತ" ಎಂದಳು.

ಅತ್ತ ಗಂಗೊಳ್ಳಿಯಲ್ಲಿ ಮಾವ, ಅಕ್ಕ ಬರುತ್ತಾಳೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾ ತಿರುಗುತ್ತಿದ್ದಾನೆಂದು ಸುದ್ದಿ ಬಂತು. ಸುದ್ದಿಯ ಹಿಂದೆಯೇ ಒಂದು ರಿಕ್ಷಾ ಬಂತು. ಅದರಲ್ಲಿ ಒಂದು ಬುಟ್ಟಿ ಮೀನು. ಮಾವನ ದೋಣಿಯ ಮೊದಲ ಬುಟ್ಟಿ. ಮೇಲೆ ತನ್ನ ಕೆಂಪು ಬೈರಾಸನ್ನು ಕಟ್ಟಿದ್ದ. ನಾನು ಗಾಬರಿಯಿಂದ ಮೀನನ್ನು ಒಳಗಿನ ಪಾತ್ರೆಗೆ ಸುರಿದು, ಏನೂ ಆಗದವನ ಹಾಗೆ ಜಗಲಿಗೆ ಬಂದೆ.

"ಎಲ್ಲಿಯ ಮೀನ್ ಮಗಾ?" ಎಂದಳು ಅಬ್ಬಿ. ಕಣ್ಣಿಗೆ ಕಪ್ಪು ಕನ್ನಡಕ ಇದ್ದರೂ ಮೂಗಿಗೆ ಇರಲಿಲ್ಲ.

"ಪ್ಯಾಟಿಯಿಂದ ತಂದೆ. ಗಿರಿಜಕ್ಕನ ಹತ್ರ."

"ಗಿರಿಜ ಮಗಳ ಬಾಣಂತನಕ್ಕೆ ಬೈಂದೂರಿಗೆ ಹೋಯಿ ತಿಂಗ್ಳಾಯ್ತ್."

"ಅವ್ಳ್ ತಂಗಿ ಹತ್ರ."

"ಅವ್ಳಿಗೆ ತಂಗಿ ಇಲ್ಲ" ಎಂದು ಅಬ್ಬಿ ಇಯರ್‌ಫೋನ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ಬಚಾವಾದೆ ಎಂದುಕೊಂಡು ಒಳಗೆ ಹೋದವನು ತಿರುಗಿ ನೋಡಿದರೆ, ನನ್ನ ಬುದ್ಧಿವಂತಿಕೆಯ ಸಾಕ್ಷಿಯಾಗಿ ಖಾಲಿ ಬುಟ್ಟಿ ಮೆಟ್ಟಿಲ ಮೇಲೆಯೇ ಇತ್ತು. ಅಬ್ಬಿ ಅದನ್ನು ಮಡಿಲಿಗೆ ಎಳೆದುಕೊಂಡು ಬೈರಾಸಿನ ಮೇಲೆ ಕೈಯಾಡಿಸುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತಾಡಲಿಲ್ಲ. ಸಾರನ್ನು ಮಾತ್ರ ಎರಡನೇ ಸಲ ಹಾಕಿಸಿಕೊಂಡಳು. ಎಲ್ಲ ಗೊತ್ತಾಗಿ ಒಳಗೊಳಗೇ ಕುದಿಯುತ್ತಿದ್ದಾಳೆ ಎಂದು ನನಗೆ ಅನ್ನ ಇಳಿಯಲಿಲ್ಲ.

ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಮದುವೆಯ ದಿನ ಬಂತು. ಆ ಹೊತ್ತಿಗೆ ಅಬ್ಬಿಯ ಕಪ್ಪು ಕನ್ನಡಕ ಹೋಗಿತ್ತು. ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಸಂಘದ ಅಧ್ಯಕ್ಷರೆದುರು ನಿಲ್ಲುವ ಹಾಗೆ ಕೈಕಟ್ಟಿಕೊಂಡು ಅಬ್ಬಿಯ ಕೋಣೆಗೆ ಹೋದೆ. ಅವಳು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಬಾಳೆ ಎಲೆಯಲ್ಲಿ ಮಲ್ಲಿಗೆ ದಂಡೆ ಸುತ್ತಿಟ್ಟುಕೊಂಡು ಕುಳಿತಿದ್ದಳು.

"ರಿಕ್ಷಾ ಹೇಳಿದ್ಯಾ?" ಎಂದು ಕೇಳಿದಳು.

ನಾನು ತಡವರಿಸುತ್ತಾ ತಪ್ಪೊಪ್ಪಿಕೊಂಡೆ. ಮಾವ ಬಂದದ್ದು, ಕಾಗದ ಅಡಗಿಸಿದ್ದು, ಅವಳು ಮೊಬೈಲಿನ ಕಥೆಗೆ ಹೂಂ ಎಂದದ್ದು, ಮಾವ ಅದನ್ನು ತನಗೇ ಎಂದುಕೊಂಡದ್ದು ಎಲ್ಲವನ್ನೂ ಹೇಳಿದೆ.

ಅಬ್ಬಿ ನನ್ನನ್ನು ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿದಳು.

"ಯಾವ ಕಥಿ? ಆ ದಿನ ನಿನ್ ಮೊಬೈಲ್ ಬೆಳಿಗ್ಗೆಯೇ ಸತ್ತ್ ಹೋಯಿತ್ತ್. ತೆಗ್ದಿಟ್ರೆ ನಿಂಗೆ ಬೇಜಾರ್ ಆತ್ತ್ ಅಂದೇಳಿ ಕಿವಿಗ್ ಹಾಯ್ಕಂಡೇ ಕೂಕಂಡಿದ್ದೆ. ಮಂಜು ಅಂಗಳಕ್ಕೆ ಬಪ್ಪತಿಗೇ ಅವ್ನ ಕಾಲಿನ ಸದ್ದ್ ಗೊತ್ತಾಯ್ತ್."

"ಮತ್ತೆ ಮಾತಾಡ್ಲಿಲ್ಲ ಎಂತಕ್ಕೆ?"

"ಎಂತ ಮಾತಾಡುದ್ ಮಗಾ? ಇಷ್ಟ್ ವರ್ಷ ಆದ್ಮೇಲೆ ಹೂಂ ಅಂಬುದೇ ಕಷ್ಟ ಆಯ್ತ್" ಎಂದಳು. ಹೇಳುತ್ತಾ ದಂಡೆಯ ಬಾಳೆ ಎಲೆಯನ್ನು ಮತ್ತೊಮ್ಮೆ ಸುತ್ತಿದಳು.

ಆದರೂ ಕೊನೆಯ ಆಸೆಯಿಂದ, "ಆ ಕ್ಷಮೆಯದ್ದ್ ಕೇಂಡ್ಯಲ್ಲ, ಅದ್ರಿಂದ ಮನ್ಸ್ ಸ್ವಲ್ಪ..." ಎಂದು ಶುರುಮಾಡಿದೆ.

"ಅದಾ? ಅದ್ ಕೇಂತಾ ಕೇಂತಾ ಕಣ್ ಮುಚ್ಚಿ ಒಳ್ಳೆ ಒರ್ಕ್ ಬತ್ತಿತ್ತ್. ಒರ್ಕಿನಗೂ ಹೂಂ ಅಂತಿದ್ದೆ ಕಾಣತ್ತ್."

ಗಂಗೊಳ್ಳಿಯ ಛತ್ರದಲ್ಲಿ ಮದುಮಗಳು ಹೂವಿಲ್ಲದ ಜಡೆಯಲ್ಲಿ ಕಾದು ಕುಳಿತಿದ್ದಳು. ಹೆಂಗಸರು ಗುಸುಗುಸು ಆರಂಭಿಸಿಯಾಗಿತ್ತು. ಮಾವ ಬಾಗಿಲಲ್ಲೇ ನಿಂತಿದ್ದ. ಅಬ್ಬಿ ನೇರ ಒಳಗೆ ಹೋಗಿ ದಂಡೆ ಮುಡಿಸಿ, ಹುಡುಗಿಯ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ತಮ್ಮನ ಕಡೆ ತಿರುಗಿ, "ಬುಟ್ಟಿ ತಂದಿದ್ದೆ ಕಾಣ್. ಮತ್ತೆ ತುಂಬ್ಸಿ ಕಳ್ಸ್" ಎಂದಳು. ಮಾವ ಅತ್ತುಬಿಟ್ಟ. ಊಟದ ನಂತರ ಇಬ್ಬರೂ ಕಂಬದ ಬುಡದಲ್ಲಿ ಕುಳಿತು, ಒಬ್ಬರು ಹೇಳುವುದು ಇನ್ನೊಬ್ಬರು ಹೂಂ ಎನ್ನುವುದು, ಹೀಗೆ ಸಂಜೆಯವರೆಗೆ ನಡೆಸಿದರು. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಹಿಂದಿರುಗುವಾಗ ರಿಕ್ಷಾದಲ್ಲಿ ಅಬ್ಬಿ ಬುಟ್ಟಿ ಹಿಡಿದುಕೊಂಡೇ ನಿದ್ದೆಹೋದಳು. ನನಗೆ ಸ್ವಲ್ಪ ಧೈರ್ಯ ಬಂತು.

"ಏನೇ ಹೇಳ್, ಮೊಬೈಲ್ ಕಿವಿಯಗೆ ಇದ್ದದ್ದಕ್ಕೇ ಅಬ್ಬಿಗೆ ಹೂಂ ಅಂಬುಕೆ ಧೈರ್ಯ ಬಂದದ್ದ್. ಅಲ್ದಾ?" ಎಂದೆ ಸುಗುಣಳಿಗೆ.

"ಹೂಂ" ಎಂದಳು.

"ಪಾಡ್‌ಕಾಸ್ಟ್ ಅಂದ್ರೆ ಅಷ್ಟ್ ಉಪಕಾರ. ಬಸ್ರೂರ್ ಬಂದರಿನ ಇತಿಹಾಸ ಹೇಳಿದ್ನಲ್ಲ, ನೆನ್ಪಿತ್ತಾ?"

"ಹೂಂ."

"ಎಲ್ಲಿಂದ ಹಡ್ಗ್ ಬತ್ತಿದ್ದೋ ಹೇಳ್ ಕಾಂಬ."

ಸುಗುಣ ಹೊರಗೆ ಹೊಳೆಯ ಕಡೆ ನೋಡುತ್ತಾ ಮತ್ತೊಮ್ಮೆ "ಹೂಂ" ಎಂದಳು. ನಾನು ಬಗ್ಗಿ ಅವಳ ಎರಡೂ ಕಿವಿಗಳನ್ನು ಪರಿಶೀಲಿಸಿದೆ. ಅವುಗಳಲ್ಲಿ ಏನೂ ಇರಲಿಲ್ಲ.