ಹಕ್ಕರಕಿಯ ಕಡಲತಳ

ವಿಜ್ಞಾನದ ಮೇಷ್ಟ್ರುಗಳಿಗೆ ಊಟದ ಬಿಡುವಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ನಮ್ಮ ತಿಕೋಟಾ ಶಾಲೆಯ ವಸ್ತುಪ್ರದರ್ಶನದಲ್ಲಿ ಪ್ರತಿ ವರ್ಷ ಜ್ವಾಲಾಮುಖಿಗೇ ಬಹುಮಾನ. ಅಡುಗೆ ಸೋಡಾ ಉಕ್ಕಿದರೆ ಸಾಕು, ತೀರ್ಪುಗಾರರು ಕರಗಿಹೋಗುತ್ತಾರೆ. ರೋಸಿಹೋದ ನಾನು ಈ ಸಲ ಬಹುಮಾನ ಕಸಿದೇ ತೀರಬೇಕೆಂದು ಸೀ ಅರ್ಚಿನ್ ಎಂಬ ವಿಷಯ ಹಿಡಿದುಕೊಂಡೆ. ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಪ್ರಾಣಿ ಅದು. ದಡದ ಹತ್ತಿರದ ಬಂಡೆಗಳಿಗೆ ಅಂಟಿಕೊಂಡು, ಹೊಟ್ಟೆಯಡಿಯ ಬಾಯಿಯ ಐದು ಹಲ್ಲುಗಳಿಂದ ಕಡಲಪಾಚಿಯನ್ನು ಕೆರೆದು ತಿನ್ನುತ್ತದೆ. ಹಿಂಡು ಹೆಚ್ಚಾದರೆ ಪಾಚಿಯ ತೋಟವೇ ಮಾಯವಾಗಿ ಬರೀ ಬಂಡೆ ಉಳಿಯುತ್ತದೆ. ಇಷ್ಟೂ ಓದಿ ತಿಳಿದದ್ದು. ಸಮುದ್ರವನ್ನು ನಾನು ಇನ್ನೂ ಕಂಡಿಲ್ಲ.

ಪೇಟೆಯಿಂದ ನಿಂಬೆಹಣ್ಣು ತಂದು ಅದರ ಮೈತುಂಬ ಹಲ್ಲುಕಡ್ಡಿ ಚುಚ್ಚಿದೆ, ಅರ್ಚಿನ್ ಆಯಿತು. ದೊಡ್ಡ ತಟ್ಟೆಯಲ್ಲಿ ಕಲ್ಲು ಜೋಡಿಸಿ, ಮೇಲೆ ಅರ್ಚಿನ್ ಕೂರಿಸಿ, ಸಂದಿಗಳಲ್ಲಿ ನಿಡೋಣಿಯ ಮಾವನವರ ಹೊಲದ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ನಿಲ್ಲಿಸಿದೆ, ಕಡಲಪಾಚಿ ಆಯಿತು. ಆದರೆ ಅದಕ್ಕೂ ಮೊದಲು ನನ್ನ ಹೆಂಡತಿ ಆ ಸೊಪ್ಪನ್ನು, ಕಲ್ಲುಗಳನ್ನೂ ಸೇರಿಸಿ, ಮೂರು ನೀರಿನಲ್ಲಿ ತೊಳೆದಿದ್ದಳು. ಇದು ತಿನ್ನಲಿಕ್ಕಲ್ಲ ಮಾರಾಯ್ತಿ ಎಂದರೂ ಕೇಳಲಿಲ್ಲ. "ಮಣ್ಣು ಹತ್ತಿದ ಪಲ್ಲೆ ನಮ್ಮ ಮನಿಯಿಂದ ಹ್ವಾದ್ರ ಮಂದಿ ನನಗ ಅಂತಾರ್ರಿ, ನಿಮಗಲ್ಲ" ಎಂದಳು. ಅನಾಹುತಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿಯೇ.

ಬೇರೆ ಜಾಗವಿಲ್ಲದೆ ತಟ್ಟೆಯನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲಿಟ್ಟೆ. ನಾವೆಲ್ಲ ಬುತ್ತಿ ಬಿಚ್ಚುವುದೂ ಅದೇ ಮೇಜಿನ ಮೇಲೆ. ರೊಟ್ಟಿಯ ಪಕ್ಕದಲ್ಲಿ ಹಸಿ ಸೊಪ್ಪು ಕಂಡರೆ ಯಾರದೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಹೆಸರಿನ ಫಲಕ ಬರೆದು ಬರುವಷ್ಟರಲ್ಲಿ ಅರ್ಧ ಊಟ ಮುಗಿದಿತ್ತು. ತಟ್ಟೆ ಕಿಟಕಿಗೆ ಸರಿದದ್ದನ್ನು ಗಮನಿಸದೆ ನಾನೂ ಕೂತೆ. ಗಣಿತದ ಮುಲ್ಲಾ ಸರ್ ಎಲ್ಲರಿಗೂ ಹಿಡಿಹಿಡಿ ಸೊಪ್ಪು ಹಂಚುತ್ತಿದ್ದರು. ಕಡಲೆಹಿಟ್ಟಿನ ಝುಣಕದ ಜೊತೆ ಎಷ್ಟು ಸೊಗಸಾಗಿತ್ತೆಂದರೆ ಇನ್ನೊಂದು ಹಿಡಿ ಕೇಳಿ ಹಾಕಿಸಿಕೊಂಡೆ. ಉಳ್ಳಾಗಡ್ಡಿಯ ಮೇಲೆ ಯಾರೋ ನಿಂಬೆಹಣ್ಣು ಹಿಂಡಿದರು. ಕೊನೆಗೆ ಹಲ್ಲುಕಡ್ಡಿಯೂ ಬಂತು. ಇವತ್ತು ಭಾರಿ ಉಪಚಾರ ಎಂದುಕೊಂಡು ಒಂದನ್ನು ಜೇಬಿಗಿಳಿಸಿದೆ.

ಕೈ ತೊಳೆದು ತಟ್ಟೆ ಎತ್ತಲು ಹೋದರೆ ಬರೀ ಕಲ್ಲು. ಮೈ ಉರಿದುಹೋಯಿತು. ತಿನ್ನುವ ಮೊದಲು ಒಂದು ಮಾತು ಕೇಳುವವರು ಈ ಶಾಲೆಯಲ್ಲಿ ಒಬ್ಬರೂ ಇಲ್ಲವೇ ಎಂದು ಕೂಗಾಡಿದೆ. ಮುಲ್ಲಾ ಸರ್ ಮುಖ ಸಣ್ಣದು ಮಾಡಿಕೊಂಡು, "ಅಷ್ಟು ಸ್ವಚ್ಛ ತೊಳದಿತ್ರಿ ಸರ. ನಿಮ್ಮ ಮನಿ ಅಕ್ಕಾರು ಕೊಟ್ಟು ಕಳಿಸ್ಯಾರ ಅನ್ಕೊಂಡ್ನಿ. ನೀವೂ ಎರಡ ಸಲ ಹಾಕಿಸ್ಕೊಂಡ್ರಿ" ಎಂದರು.

ಅಷ್ಟರಲ್ಲಿ ತೀರ್ಪುಗಾರ್ತಿ ಬಂದೇಬಿಟ್ಟರು. ಇದು ಸೀ ಅರ್ಚಿನ್‌ಗಳು ಮೇಯ್ದು ಹೋದ ಮೇಲಿನ ಕಡಲತಳ ಎಂದು ಧೈರ್ಯದಿಂದ ವಿವರಿಸಿದೆ. ಮೇಯ್ದವು ಎಲ್ಲಿ ಎಂದು ಕೇಳಿದರು. ಕಲ್ಲಿನ ಸಂದಿಯಲ್ಲಿ ಅಡಗಿವೆ ಎಂದೆ. ಅವರು ಕಲ್ಲನ್ನು ನೋಡಲೇ ಇಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು.

"ಎಲ್ಲಾ ಅಡಗಿಲ್ಲ ಬಿಡ್ರಿ ಸರ. ಒಂದರ ಹಲ್ಲಾಗ ಇನ್ನೂ ಎಲಿ ಸಿಕ್ಕೊಂಡೈತಿ."

ಬಹುಮಾನ ಜ್ವಾಲಾಮುಖಿಗೇ ಹೋಯಿತು. ಆ ಎಲೆಯನ್ನಾದರೂ ತೆಗೆಯೋಣವೆಂದು ಜೇಬಿಗೆ ಕೈ ಹಾಕಿದರೆ, ಸಿಕ್ಕಿದ್ದು ನನ್ನ ಅರ್ಚಿನ್ನಿನ ಕೊನೆಯ ಮುಳ್ಳು.