ಸಾಸಿವೆಯಲ್ಲಿ ಅಳೆದ ತಲೆ

ಅಳತೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಓದಿದ್ದು ಬರೀ ಎಸ್ಸೆಸ್ಸೆಲ್ಸಿ, ನಿಜ. ಆದರೆ ಮೈಸೂರಿನ ದಿನಸಿ ಅಂಗಡಿಯಲ್ಲಿ ಅಕ್ಕಿ, ಬೇಳೆ, ರಾಗಿ ಅಳೆಯುತ್ತಲೇ ನೆರೆತ ತಲೆ ಇದು. ಈಗ ಟೆಕ್ಸಾಸಿನ ಪೇರ್‌ಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಎಲ್ಲವೂ ಪ್ಯಾಕೆಟ್ಟಿನಲ್ಲಿ ಬರುವುದರಿಂದ ನನ್ನ ವಿದ್ಯೆಗೆ ಕೆಲಸವೇ ಇರಲಿಲ್ಲ. ಹಾಗಿರುವಾಗ ಮೊಮ್ಮಗಳು ಅದಿತಿ ಎರಡು ತಲೆಬುರುಡೆ ತಂದು, ಇವುಗಳೊಳಗೆ ಎಷ್ಟು ಮಿದುಳು ಹಿಡಿಸುತ್ತಿತ್ತೆಂದು ಅಳೆಯಬೇಕು ಎಂದಳು. ದೇವರೇ ನನಗೊಂದು ಕೆಲಸ ಕಳಿಸಿದನೆಂದುಕೊಂಡೆ!

ಬುರುಡೆಗಳು ನಿಜವಾದವಲ್ಲ, ಶಾಲೆಯಿಂದ ತಂದ ಪ್ಲಾಸ್ಟಿಕ್ಕಿನವು. ಒಂದು ನಮ್ಮ ನಿಮ್ಮಂಥ ಮನುಷ್ಯನದು, ಇನ್ನೊಂದು ಲಕ್ಷಾಂತರ ವರ್ಷಗಳ ಹಿಂದಿನ ಪೂರ್ವಜನದು. ಕಣ್ಣಿನ ತೂತುಗಳಿಗೆ ಹತ್ತಿ ತುರುಕಿ, ಕತ್ತು ಸೇರುವ ಕಡೆಯ ದೊಡ್ಡ ತೂತಿನಿಂದ ಸಾಸಿವೆ ತುಂಬಬೇಕು. ಆಮೇಲೆ ಅದನ್ನು ತಟ್ಟೆಗೆ ಸುರಿದು ಅಳತೆಯ ಕಪ್ಪಿನಲ್ಲಿ ಅಳೆದರೆ ಮಿದುಳಿನ ಗಾತ್ರ ಸಿಕ್ಕಿತು. ಹೂಸ್ಟನ್ನಿನ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದವರಿಗೆ ಆಸ್ಟಿನ್ನಿನಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಅದಿತಿ ಅದಕ್ಕಾಗಿ ವರ್ಷವಿಡೀ ಓದಿದ್ದಳು.

ನನ್ನ ಹೆಂಡತಿ ಸರೋಜ ಮಾತ್ರ ಬುರುಡೆಗಳನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದಳು. "ಪ್ಲಾಸ್ಟಿಕ್ ಆದ್ರೇನ್ರೀ, ತಲೆ ತಲೇನೇ. ಆ ಸಾಸಿವೇನ ಆಮೇಲೆ ನಾನು ಒಗ್ಗರಣೆಗೆ ಹಾಕಲ್ಲ, ಈಗ್ಲೇ ಹೇಳಿದೀನಿ." ಪ್ರಯೋಗಾಲಯವು ಗರಾಜಿಗೆ ಸ್ಥಳಾಂತರಗೊಂಡಿತು.

ಪೂರ್ವಜನನ್ನು ಅದಿತಿಯೇ ಅಳೆದು ಬರೆದುಕೊಂಡಳು. ಅಷ್ಟರಲ್ಲಿ ಪಿಟೀಲು ಕ್ಲಾಸಿಗೆ ಹೊತ್ತಾಯಿತು. ಇನ್ನೊಂದನ್ನು ನಾನು ಮುಗಿಸಿಡುತ್ತೇನೆ ಎಂದೆ. ಅವಳು ಅನುಮಾನದಿಂದ ನೋಡಿದಳು. "ತಾತ, ಲೆವೆಲ್ ಕಪ್ಸ್ ಓನ್ಲಿ. ಓಕೆ?"

ಅಳತೆ ಹೇಳಿಕೊಡುವುದು ನನಗೆ!

ಗರಾಜಿನ ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಆ ಸದ್ದು ಜೇನ್ನೊಣದ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಸೆಕೆಗೆ ಗಾಳಿಗೂ ಮಂಪರು ಹತ್ತಿದಂತಿತ್ತು. ಸಾಸಿವೆ ಪಿಸುಗುಟ್ಟುತ್ತ ಬುರುಡೆಯೊಳಗೆ ಇಳಿಯಿತು. ಈ ತಲೆಯಲ್ಲಿ ಹಿಂದೆ ಏನೇನು ತುಂಬಿತ್ತೋ! ಹಸಿವು, ಯಾವುದೋ ಹಾಡು, ಯಾರದೋ ಹೆಸರು. ಪ್ಲಾಸ್ಟಿಕ್ಕಿನ ತಲೆಯ ಬಗ್ಗೆ ಇಷ್ಟು ಮರುಗಿದವನು ಇಡೀ ಟೆಕ್ಸಾಸಿನಲ್ಲಿ ನಾನೊಬ್ಬನೇ ಇರಬೇಕು. ಮರುಗುತ್ತಲೇ ಸಾಸಿವೆಯನ್ನು ತಟ್ಟೆಗೆ ಸುರಿದು ಅಳೆಯತೊಡಗಿದೆ. ಎಲ್ಲಿಂದಲೋ ಇಂಗಿನ ವಾಸನೆ ಬಂತು. ನಾನು ಅಂಗಡಿಯಲ್ಲಿದ್ದೆ. ಎದುರಿಗೆ ಆ ಬುರುಡೆಯವನು ನಿಂತಿದ್ದ. ಬಹಳ ಸೊರಗಿದ ಗಿರಾಕಿ. ಹಲ್ಲು ಕಿರಿದು ಕಾಯುತ್ತಿದ್ದ. ಅಳೆದು ಸುರಿದೆ, ಮತ್ತೆ ಅಳೆದು ಸುರಿದೆ. ಎಷ್ಟು ಹಿತವಾಗಿತ್ತು! ಎಚ್ಚರವಾದಾಗ ಸಾಸಿವೆ ಮುಗಿದಿತ್ತು, ಲೆಕ್ಕ ಬಾಯಲ್ಲಿತ್ತು.

ಸಂಜೆ ಅದಿತಿ ಆ ಲೆಕ್ಕ ನೋಡಿ ಮುಖ ಗಂಟಿಕ್ಕಿದಳು. ಅದರ ಪ್ರಕಾರ ಇಂದಿನ ಮನುಷ್ಯನಿಗಿಂತ ಪೂರ್ವಜನಿಗೇ ಹೆಚ್ಚು ಮಿದುಳು!

"ತಾತ, ಆರ್ ಯೂ ಶ್ಯೂರ್?"

"ಒಂದು ಕಾಳು ಹೆಚ್ಚುಕಮ್ಮಿ ಇಲ್ಲ ಪುಟ್ಟಿ. ಅಳೆದಿದ್ದು ಯಾರು?"

"ನಿಮ್ಮನ್ನ ನೋಡಿದ್ರೆ ಆ ಲೆಕ್ಕ ಸರಿಯಾಗೇ ಇದೆ," ಎಂದಳು ಸರೋಜ ಒಳಗಿನಿಂದ.

ಅದಿತಿ ಬಹಳ ಹೊತ್ತು ಯೋಚಿಸಿ, ಕೊನೆಗೆ ನಾನು ಹೇಳಿದ್ದನ್ನೇ ಬರೆದಳು. ಅವಳು ನನ್ನನ್ನು ನಂಬಿದಳು. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಮರುದಿನ ಪ್ರದರ್ಶನದಲ್ಲಿ ತೀರ್ಪುಗಾರ್ತಿಯೊಬ್ಬರು ಅವಳ ಮೇಜಿನ ಮುಂದೆ ನಿಂತರು. ಚಿತ್ರಪಟವನ್ನು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಇದನ್ನು ಅಳೆದವರು ಯಾರೆಂದು ಮೃದುವಾಗಿ ಕೇಳಿದರು. ಅದಿತಿ ನನ್ನತ್ತ ನೋಡಿದಳು. ನಾನು ಕೈ ಮುಗಿದು ಮುಂದೆ ಬಂದೆ. ಅಳೆದು ತೋರಿಸಲು ಸಾಧ್ಯವೇ ಎಂದರು. ಇದಕ್ಕಿಂತ ಸಂತೋಷವುಂಟೆ? ಅಂಗಿಯ ತೋಳು ಮಡಿಸಿ, ಮೇಜಿನ ಮೇಲಿದ್ದ ಬುರುಡೆಯ ಸಾಸಿವೆಯನ್ನು ತಟ್ಟೆಗೆ ಸುರಿದುಕೊಂಡೆ. ಕಪ್ಪು ತುಂಬಿ, ಬೆರಳಿನಿಂದ ಸಮಮಾಡಿ ಪಕ್ಕದ ಪಾತ್ರೆಗೆ ಸುರಿದೆ. "ಒನ್" ಎಂದೆ. ಜನ ಸೇರಿದರು. ಎರಡನೆಯದನ್ನು ಸುರಿಯುತ್ತಿದ್ದಾಗ ಅದಿತಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ತಾತ, ವಾಟ್ ಈಸ್ ದಟ್ ಹ್ಯಾಂಡ್ ಡೂಯಿಂಗ್?"

ನೋಡಿಕೊಂಡೆ. ಬಲಗೈ ಅಳೆಯುತ್ತಿತ್ತು. ಎಡಗೈ ತನ್ನ ಪಾಡಿಗೆ ತಾನು ತಟ್ಟೆಯಿಂದ ಒಂದು ಹಿಡಿ ಸಾಸಿವೆ ಎತ್ತಿ, ಅಳೆದದ್ದರ ಮೇಲೆ ಹಾಕಿ ಬರುತ್ತಿತ್ತು! ಲೆಕ್ಕಕ್ಕೆ ಸೇರದ ಹಿಡಿ.

"ಕೊಸರು," ಎಂದೆ.

"ವಾಟ್ಸ್ ಕೊಸರು?"

ಅಳತೆಯಾದ ಮೇಲೆ ಗಿರಾಕಿಯ ಖುಷಿಗೆಂದು ಬಿಟ್ಟಿಯಾಗಿ ಹಾಕುವ ಹಿಡಿ, ಹಾಕದಿದ್ದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ವಿವರಿಸಿದೆ. ಅದಿತಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ತೀರ್ಪುಗಾರ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನನ್ನ ಕೈ ಕುಲುಕಿದರು, ಆಮೇಲೆ ಅಂಕ ಕಳೆದರು. ಮನುಷ್ಯನ ಮಿದುಳನ್ನು ಹಿಡಿ ಹಿಡಿಯಾಗಿ ಗಿರಾಕಿಗೆ ದಾನ ಮಾಡಿದ್ದೆ. ಆಸ್ಟಿನ್ನಿಗೆ ಬೇರೆ ಯಾರೋ ಹೋದರು.

ಹಿಂದಿರುಗುವಾಗ ಕಾರಿನ ಕಿಟಕಿಯಾಚೆ ಹೂಸ್ಟನ್ನು ಬಿಸಿಲಲ್ಲಿ ಕರಗಿ ಹರಿಯುತ್ತಿದ್ದಂತೆ ಕಂಡಿತು. "ತಪ್ಪಾಯ್ತು ಪುಟ್ಟಿ," ಎಂದೆ. ಮೊಮ್ಮಗಳ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

ಅವಳು ನನ್ನತ್ತ ತಿರುಗಿದಳು. ಆಮೇಲೆ, ಎಂದೂ ಇಲ್ಲದ ಹಾಗೆ, ಕನ್ನಡದಲ್ಲೇ ಹೇಳಿದಳು. "ಪರವಾಗಿಲ್ಲ ತಾತ. ನೆಕ್ಸ್ಟ್ ಇಯರ್ ನೀರಲ್ಲಿ ಅಳೆಯೋಣ. ನೀರಿಗೆಲ್ಲ ಕೊಸರು ಇರಲ್ಲ ಅಲ್ವಾ?"

ಅಳೆಯೋಣ ಎಂದಿದ್ದಳು! ಆ ಕ್ಷಣಕ್ಕೆ ಮೈಸೂರಿನ ನಮ್ಮ ಬೀದಿಯ ಹಾಲಿನವನು ಕಣ್ಣ ಮುಂದೆ ಬಂದ. ಅವನು ಅಳೆದಾದ ಮೇಲೆ ಪಾತ್ರೆಗೆ ಒಂದು ಗುಟುಕು ಹೆಚ್ಚಾಗಿ ಸುರಿಯದೆ ಎಂದೂ ಹೋದವನಲ್ಲ. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಆ ಇಡೀ ಪ್ರಯೋಗದಲ್ಲಿ ನಾನು ಅಳತೆ ಮೀರದೆ ಮಾಡಿದ ಕೆಲಸ ಅದೊಂದೇ.